ಹೂಳೆತ್ತುವ ಮುನ್ನ ಊರು ಕೂಡಬೇಕು

(ರೈತರ ತರಬೇತಿ ಶಿಬಿರದ ಭಾಷಣ)



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳಲ್ಲಿ ಬೇಸಿಗೆ ಬಂತೆಂದರೆ ಊರೂರಲ್ಲೂ ಒಂದೇ ಬೇಡಿಕೆ ಕೇಳಿಬರುತ್ತದೆ: ಕೆರೆಯ ಹೂಳು ತೆಗೆಸಿಕೊಡಿ. ಈ ಬೇಡಿಕೆ ನ್ಯಾಯವಾದದ್ದೇ. ಆದರೆ ಹೂಳೆತ್ತುವುದು ಒಂದೆರಡು ತಿಂಗಳ ಕೆಲಸ. ಆಮೇಲೆ ಬರುವ ನೀರು ಯಾರಿಗೆ ಎಷ್ಟು, ತೂಬನ್ನು ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು, ಕಾಲುವೆಗೆ ಅಡ್ಡ ಬಂದವನನ್ನು ಯಾರು ಕೇಳಬೇಕು ಎಂಬುದು ವರ್ಷವರ್ಷದ ಕೆಲಸ. ಈ ಎರಡನೆಯದನ್ನು ಮೊದಲೇ ತೀರ್ಮಾನಿಸದ ಊರಿನಲ್ಲಿ ಹೂಳೆತ್ತಿದ ಹಣ ಮತ್ತೆ ಹೂಳಿನ ಪಾಲಾಗುತ್ತದೆ. ಆದ್ದರಿಂದ ಕಟ್ಟಳೆ ಮೊದಲು, ಗುದ್ದಲಿ ಆಮೇಲೆ.

ಮಳೆ ಮತ್ತು ನೆಲದ ಸ್ಥಿತಿ

2021ರಲ್ಲಿ ರೂಪುಗೊಂಡ ವಿಜಯನಗರ ಜಿಲ್ಲೆಯಲ್ಲಿ ಹೊಸಪೇಟೆಯ ಜೊತೆಗೆ ಈ ಐದು ತಾಲ್ಲೂಕುಗಳು ಸೇರಿವೆ. ಇಲ್ಲಿನ ಮಳೆ ವರ್ಷಕ್ಕೆ ಸರಾಸರಿ 600 ಮಿಲಿಮೀಟರಿನ ಆಸುಪಾಸು. ಅದೂ ಹದವಾಗಿ ಬರುವುದಿಲ್ಲ. ಕೆಲವೇ ದಿನಗಳಲ್ಲಿ ರಭಸವಾಗಿ ಸುರಿದು ಹೋಗುತ್ತದೆ. ಸೆಪ್ಟೆಂಬರ್, ಅಕ್ಟೋಬರ್ ತಿಂಗಳ ಮಳೆಯೇ ಮುಖ್ಯ ಆಸರೆ. ತುಂಗಭದ್ರೆ ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಅಂಚಿನಲ್ಲಿ ಹರಿಯುತ್ತಾಳೆ. ಆದರೂ ಬಹುಪಾಲು ಜಮೀನು ಮುಗಿಲು ನೋಡಿಯೇ ಬೆಳೆಯಬೇಕು. ಮಸಾರಿ ನೆಲದಲ್ಲಿ ಬಿದ್ದ ನೀರು ಬೇಗ ಹರಿದು ಹೋಗುತ್ತದೆ. ಹಾಗೆ ಓಡುವ ನೀರನ್ನು ನಿಲ್ಲಿಸುವ ಸಾಧನವಾಗಿಯೇ ಹಿರಿಯರು ಕೆರೆ ಕಟ್ಟಿದರು.

1800ರಲ್ಲಿ ಬಳ್ಳಾರಿ ಸೀಮೆ ಇಂಗ್ಲಿಷ್ ಕಂಪನಿಯ ಕೈಗೆ ಬಂದಾಗ ಥಾಮಸ್ ಮನ್ರೋ ಇಲ್ಲಿನ ಮುಖ್ಯ ಕಲೆಕ್ಟರಾಗಿ ಬಂದ. ಕೆರೆ ಕಟ್ಟಲು ಅನುಕೂಲವಾದ ಜಾಗವೆಲ್ಲ ಆಗಲೇ ಬಳಕೆಯಾಗಿದೆ, ಹೊಸ ಕೆರೆಗೆ ತಕ್ಕ ಸ್ಥಳ ಉಳಿದಿರುವುದೇ ಅಪರೂಪ ಎಂಬುದು ಅವನು ಕಂಡ ಸಂಗತಿ. ಅಂದರೆ ಇರುವ ಕೆರೆಯನ್ನು ಕಳೆದುಕೊಂಡರೆ ಅದರ ಬದಲಿಗೆ ಇನ್ನೊಂದು ಸಿಗಲಾರದು.

ಒಂದು ಕೆರೆ, ಹಲವು ಒಡೆಯರು

ಕೆರೆಯೆಂದರೆ ನೀರು ನಿಂತ ಜಾಗ ಮಾತ್ರವಲ್ಲ. ನೀರು ಬರುವ ಜಲಾನಯನದ ಗುಡ್ಡ ಮತ್ತು ಗೋಮಾಳ, ಅದನ್ನು ಹೊತ್ತು ತರುವ ಹಳ್ಳ ಮತ್ತು ಪೋಷಕ ಕಾಲುವೆ, ಕೆರೆಯ ಅಂಗಳ, ಏರಿ ತೂಬು ಕೋಡಿಗಳು, ಕೆಳಗಿನ ಅಚ್ಚುಕಟ್ಟು ಇವೆಲ್ಲ ಕೂಡಿದರೆ ಕೆರೆ. ಕಾಗದದ ಮೇಲೆ ಇವಕ್ಕೆ ಬೇರೆ ಬೇರೆ ಒಡೆಯರಿದ್ದಾರೆ. ಗುಡ್ಡ ಅರಣ್ಯ ಇಲಾಖೆಯದು, ಗೋಮಾಳ ಕಂದಾಯ ಇಲಾಖೆಯದು. ಅಚ್ಚುಕಟ್ಟು 40 ಹೆಕ್ಟೇರಿಗಿಂತ ಹೆಚ್ಚಿದ್ದರೆ ಕೆರೆ ಸಣ್ಣ ನೀರಾವರಿ ಇಲಾಖೆಯದು, ಕಡಿಮೆಯಿದ್ದರೆ ಜಿಲ್ಲಾ ಪಂಚಾಯಿತಿಯದು. ಮೀನಿನ ಲೆಕ್ಕ ಮತ್ತೊಂದು ಕಡೆ. ಅಚ್ಚುಕಟ್ಟಿನ ಹೊಲಗಳು ಮಾತ್ರ ರೈತರವು.

ಯಾವ ಇಲಾಖೆಗೂ ಇಡೀ ಕೆರೆ ಕಾಣಿಸುವುದಿಲ್ಲ. ಗುಡ್ಡದ ಮೇಲಿನ ಮರ ಕಡಿದರೆ ಅಂಗಳದಲ್ಲಿ ಹೂಳು ಹೆಚ್ಚುತ್ತದೆ, ಕಾಲುವೆಯ ಬದು ಅಗೆದು ಹೊಲಕ್ಕೆ ಸೇರಿಸಿಕೊಂಡರೆ ಕೋಡಿ ಬೀಳುವುದೇ ನಿಲ್ಲುತ್ತದೆ ಎಂಬ ಸಂಬಂಧ ದಿನವೂ ಕಾಣುವುದು ಊರಿನವರಿಗೆ ಮಾತ್ರ. ಜನರ ಪಾಲುಗಾರಿಕೆ ಬೇಕೆನ್ನುವುದು ಇದೇ ಕಾರಣಕ್ಕೆ.

ಹಿಂದಿನ ಏರ್ಪಾಡು

ಹಿಂದೆ ಕೆರೆ ಕಟ್ಟಿದವನಿಗೆ, ಅದನ್ನು ದುರಸ್ತಿಯಲ್ಲಿ ಇಡುವವನಿಗೆ ದಶಬಂದ ಎಂಬ ಇನಾಮು ಸಿಗುತ್ತಿತ್ತು. ನೀರುಗಂಟಿ ತೂಬು ನೋಡಿಕೊಂಡು ಹೊಲಹೊಲಕ್ಕೆ ನೀರು ಹಂಚುತ್ತಿದ್ದ. ಸುಗ್ಗಿಯಲ್ಲಿ ಅವನಿಗೆ ಕಾಳಿನ ಪಾಲು. ಕಾಲುವೆ ಸವರುವುದು, ಏರಿಯ ಗಿಡ ಕೀಳುವುದು ರೈತರ ಸರದಿಯ ಕೆಲಸ. ಇದಕ್ಕೆ ಕುಡಿಮರಾಮತ್ತು ಎಂದು ಹೆಸರು. ಆಗ ಬಳ್ಳಾರಿ ಸೀಮೆ ಸೇರಿದ್ದ ಮದ್ರಾಸ್ ಪ್ರಾಂತ್ಯಕ್ಕೆ 1858ರಲ್ಲಿ ಒಂದು ಕಾನೂನು ಬಂತು. ಏರಿ ಒಡೆಯುವ ಅಪಾಯ ಬಂದಾಗ ಊರಿನವರನ್ನು ಕೆಲಸಕ್ಕೆ ಕರೆಯುವ ಅಧಿಕಾರ ಅದರಲ್ಲಿತ್ತು. ವಾಡಿಕೆಯ ದುಡಿಮೆಗೆ ತಪ್ಪಿಸಿಕೊಂಡವನಿಂದ ಆ ದುಡಿಮೆಯ ಬೆಲೆಯ ಎರಡರಷ್ಟನ್ನು ವಸೂಲು ಮಾಡಲು ಅವಕಾಶವಿತ್ತು. ವಾಡಿಕೆ ಗಟ್ಟಿಯಾಗಿದ್ದಾಗ ಕಾನೂನು ಬೇಕಾಗಲಿಲ್ಲ, ಸಡಿಲವಾದಾಗ ಕಾನೂನು ಸಾಕಾಗಲಿಲ್ಲ. 1876ರಿಂದ 1878ರ ಮಹಾ ಬರಗಾಲದಲ್ಲಿ ಹೆಚ್ಚು ನಷ್ಟ ಕಂಡ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು.

ಹಿಂದಿನದೆಲ್ಲ ಒಳ್ಳೆಯದೇ ಆಗಿತ್ತೆಂದು ತಿಳಿಯಬಾರದು. ಏರಿಗೆ ಮಣ್ಣು ಹೊತ್ತವರಲ್ಲಿ ಅನೇಕರಿಗೆ ಅಚ್ಚುಕಟ್ಟಿನಲ್ಲಿ ಒಂದು ಗುಂಟೆಯೂ ಇರಲಿಲ್ಲ. ದುಡಿಮೆ ಒಬ್ಬರದು, ನೀರು ಇನ್ನೊಬ್ಬರದು ಎಂಬ ಏರ್ಪಾಡನ್ನು ಇಂದು ಮತ್ತೆ ತರುವುದು ಸಾಧ್ಯವೂ ಅಲ್ಲ, ನ್ಯಾಯವೂ ಅಲ್ಲ. ಸರದಿ, ಕಾವಲು, ದಂಡ, ಲೆಕ್ಕ ಎಂಬ ನಾಲ್ಕನ್ನು ಮಾತ್ರ ಅದರಿಂದ ಕಲಿತುಕೊಂಡು, ಹಕ್ಕನ್ನು ಹೊಸದಾಗಿ ಹಂಚಬೇಕು.

ಇಂದಿನ ಗಂಟು: ತೂಬು ಮತ್ತು ಕೊಳವೆಬಾವಿ

ಈಗಿನ ಜಗಳ ಹಿಂದಿನದಲ್ಲ. ಎಷ್ಟೋ ಕೆರೆಗಳ ತೂಬು ಹಲವು ವರ್ಷ ತೆರೆಯುವುದೇ ಇಲ್ಲ. ನಿಂತ ನೀರು ಇಂಗಿ ಕೆಳಗಿನ ಕೊಳವೆಬಾವಿಗಳಿಗೆ ಸೇರುತ್ತದೆ. ಕೊಳವೆಬಾವಿ ಇರುವವರು ತೂಬು ಮುಚ್ಚಿರಲಿ ಎನ್ನುತ್ತಾರೆ. ಇಲ್ಲದ ಸಣ್ಣ ರೈತರು ತೂಬು ತೆರೆಯಿರಿ ಎನ್ನುತ್ತಾರೆ. ಕುರಿ ಕಾಯುವವರಿಗೆ ಬೇಸಿಗೆಯವರೆಗೆ ಅಂಗಳದಲ್ಲಿ ನೀರಿರಬೇಕು. ಮೀನು ಹಿಡಿಯುವವರಿಗೂ ಹಾಗೆಯೇ. ಅಂಗಳ ಒತ್ತಿ ಬಿತ್ತಿದವನಿಗೆ ಮಾತ್ರ ಕೆರೆ ತುಂಬುವುದೇ ಬೇಡ.

ಇಂಗಿಸುವುದು ತಪ್ಪೆಂದಲ್ಲ. ಬಯಲುಸೀಮೆಯ ಬಿಸಿಲಿಗೆ ತೆರೆದ ನೀರು ವರ್ಷಕ್ಕೆ ಒಂದೂವರೆ ಮೀಟರಿಗೂ ಹೆಚ್ಚು ಆವಿಯಾಗುತ್ತದೆ. ಹೂಳು ತುಂಬಿ ಆಳ ತಗ್ಗಿದ ಕೆರೆಯಲ್ಲಿ ನಿಂತದ್ದೆಲ್ಲ ಮುಗಿಲಿಗೇ ಹೋಗಬಹುದು. ನೆಲದೊಳಗೆ ಸೇರಿದ ನೀರಿಗೆ ಈ ಭಯವಿಲ್ಲ. ಆದರೆ ಎಲ್ಲರ ಗೋಮಾಳದ ಮೇಲೆ ಬಿದ್ದು, ಎಲ್ಲರ ಕೆರೆಯಲ್ಲಿ ನಿಂತ ನೀರು ಇಂಗಿದ ಕೂಡಲೇ ಪಂಪು ಉಳ್ಳವನ ಸ್ವಂತದ್ದಾಗುತ್ತದೆ. ಪಂಪಿಲ್ಲದವನು ಗುಳೆ ಹೋಗುತ್ತಾನೆ. ಹೀಗೆ ಆದಾಗ ಕಾಲುವೆ ಸವರಲು ಅವನು ಏಕೆ ಬಂದಾನು? ಸಂಘಕ್ಕೆ ಜನ ಬರುವುದಿಲ್ಲ ಎಂದು ದೂರುವವರು ಈ ಪ್ರಶ್ನೆಗೆ ಮೊದಲು ಉತ್ತರ ಹುಡುಕಬೇಕು. ಪಾಲು ಇಲ್ಲದ ಕಡೆ ಪಾಲುಗಾರಿಕೆ ಇರುವುದಿಲ್ಲ.

ಬೇರೆ ಕಡೆಯ ಅನುಭವ

ಹರಿಯಾಣದ ಸುಖೋಮಾಜ್ರಿ ಎಂಬ ಸಣ್ಣ ಊರು ಇದಕ್ಕೆ ಒಂದು ಉತ್ತರ ಕಂಡುಕೊಂಡಿತು. ಅದರ ಮೇಲಿನ ಗುಡ್ಡಗಳಿಂದ ಕೊಚ್ಚಿಬಂದ ಮಣ್ಣು ಚಂಡೀಗಢದ ಸುಖ್ನಾ ಕೆರೆಯನ್ನು ತುಂಬುತ್ತಿತ್ತು. 1970ರ ದಶಕದ ಕೊನೆಯಲ್ಲಿ ಊರಿನ ಮೇಲೆ ಮಣ್ಣಿನ ಕಟ್ಟೆಗಳನ್ನು ಹಾಕಿದರು. ಭೂಮಿ ಇದ್ದವರಿಗೂ ಇಲ್ಲದವರಿಗೂ, ಪ್ರತಿ ಮನೆಗೂ ನೀರಿನಲ್ಲಿ ಪಾಲು ಎಂದು ಗೊತ್ತುಮಾಡಿದರು. ಭೂಮಿ ಇಲ್ಲದವನು ತನ್ನ ಪಾಲಿನ ನೀರನ್ನು ಇನ್ನೊಬ್ಬನಿಗೆ ಕೊಟ್ಟು ಪ್ರತಿಫಲ ಪಡೆಯಬಹುದಾಗಿತ್ತು. ಗುಡ್ಡದಲ್ಲಿ ಮೇಕೆ ಬಿಡುವುದನ್ನು ಜನರೇ ನಿಲ್ಲಿಸಿದರು, ತಂತಿಬೇಲಿ ಬೇಕಾಗಲಿಲ್ಲ. ಮೇಕೆ ಕಾಯುವವನಿಗೂ ಕಟ್ಟೆಯ ನೀರಿನಲ್ಲಿ ಪಾಲಿದ್ದುದರಿಂದ ಗುಡ್ಡ ಕಾಯುವುದು ಅವನ ಲಾಭವೂ ಆಯಿತು.

ಶ್ರೀಲಂಕೆಯ ಒಣಸೀಮೆಯ ಕೆರೆ ಊರುಗಳಲ್ಲಿ ಬೆತ್ಮ ಎಂಬ ಪದ್ಧತಿಯಿದೆ. ಕೆರೆ ಪೂರ್ತಿ ತುಂಬದ ವರ್ಷ ತೂಬಿನ ಹತ್ತಿರದ ಜಮೀನನ್ನಷ್ಟೇ ಸಾಗುವಳಿಗೆ ಆರಿಸಿಕೊಂಡು, ಅದನ್ನು ಆ ಬೆಳೆಯ ಮಟ್ಟಿಗೆ ಕೊನೆಯಂಚಿನ ರೈತರಿಗೂ ಹಂಚುತ್ತಾರೆ. ಒಡೆತನ ಬದಲಾಗುವುದಿಲ್ಲ, ಬೆಳೆ ಮಾತ್ರ ಎಲ್ಲರಿಗೂ ಸಿಗುತ್ತದೆ.

ನೆರೆಯ ಅನಂತಪುರ, ಕರ್ನೂಲು ಸೇರಿದಂತೆ ಆಗಿನ ಆಂಧ್ರಪ್ರದೇಶದ ಏಳು ಜಿಲ್ಲೆಗಳಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನಿಂದ ರೈತರೇ ಅಂತರ್ಜಲ ನೋಡಿಕೊಳ್ಳುವ ಯೋಜನೆ ನಡೆಯಿತು. ಅಲ್ಲಿನ ರೈತರು ಮಳೆಮಾಪಕ ನೋಡಿ ಬರೆದಿಟ್ಟರು, ಬಾವಿಗಳಲ್ಲಿ ನೀರಿನ ಮಟ್ಟ ಅಳೆದರು, ಹಿಂಗಾರಿಗೆ ಮುಂಚೆ ಕೂಡಿ ಇರುವ ನೀರಿಗೂ ಬಿತ್ತಬೇಕೆಂದಿರುವ ಬೆಳೆಗೂ ತಾಳೆ ಹಾಕಿದರು. ಬೆಳೆಯ ಆಯ್ಕೆಯನ್ನು ಪ್ರತಿಯೊಬ್ಬರಿಗೂ ಬಿಟ್ಟರೂ ಲೆಕ್ಕ ಮಾತ್ರ ಎಲ್ಲರ ಎದುರಿಗಿತ್ತು.

ಜಗತ್ತಿನ ಅನೇಕ ಕಡೆಯ ಕಾಲುವೆ, ಕಾಡು, ಮೀನುಗಾರಿಕೆಗಳ ನಿರ್ವಹಣೆಯನ್ನು ಅಧ್ಯಯನ ಮಾಡಿದ ಎಲಿನೋರ್ ಆಸ್ಟ್ರೋಮ್ ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಹುಮಾನ ಬಂತು. ಬಳಸುವವರೇ ಮಾಡಿದ ಕಟ್ಟಳೆ, ಅವರೊಳಗಿನ ಕಾವಲು, ಮೊದಲ ತಪ್ಪಿಗೆ ಸಣ್ಣ ದಂಡ ಮತ್ತು ಮರುತಪ್ಪಿಗೆ ದೊಡ್ಡದು, ಜಗಳ ಬೇಗ ಬಗೆಹರಿಯುವ ಕಟ್ಟೆ, ಇವು ಇದ್ದ ಕಡೆ ಹಂಚಿಕೆಯ ಸಂಪತ್ತು ದೀರ್ಘಕಾಲ ಬಾಳಿದೆ ಎಂಬುದು ಅವರ ಅಧ್ಯಯನದ ಸಾರ. ನಮ್ಮ ನೀರುಗಂಟಿಯ ಕಾಲದ ಹಳ್ಳಿಗೆ ಇದು ಅಪರಿಚಿತ ವಿಷಯವೇನಲ್ಲ.

ಇಲ್ಲಿನ ಅನುಭವ

ಕರ್ನಾಟಕದಲ್ಲಿ 2002ರಿಂದ ವಿಶ್ವಬ್ಯಾಂಕಿನ ನೆರವಿನಿಂದ ಜಲಸಂವರ್ಧನೆ ಯೋಜನಾ ಸಂಘದ ಮೂಲಕ ಕೆರೆ ಅಭಿವೃದ್ಧಿಯ ಕೆಲಸ ನಡೆದಾಗ ಬಳ್ಳಾರಿ ಜಿಲ್ಲೆಯೂ ಅದರಲ್ಲಿತ್ತು. ಕೆರೆ ಬಳಕೆದಾರರ ಸಂಘ ರಚಿಸುವುದು, ಊರಿನವರೇ ಯೋಜನೆ ತಯಾರಿಸುವುದು, ವಂತಿಗೆ ಕೂಡಿಸುವುದು ಅದರ ಕ್ರಮವಾಗಿತ್ತು. ಕಾಮಗಾರಿ ಇರುವಾಗ ಸಂಘಕ್ಕೆ ಸಭೆಯೂ ಇರುತ್ತದೆ, ಹಣವೂ ಇರುತ್ತದೆ. ನಿಜವಾದ ಪರೀಕ್ಷೆ ಕಾಮಗಾರಿ ಮುಗಿದ ಮೂರನೆಯ ವರ್ಷ. ಆಗ ತೂಬಿನ ಬೀಗದ ಕೈ ಯಾರ ಹತ್ತಿರ ಇದೆ, ಕಾಲುವೆ ಯಾರು ಸವರುತ್ತಿದ್ದಾರೆ ಎಂದು ಕೇಳಿದರೆ ಸಂಘ ಬದುಕಿದೆಯೋ ಇಲ್ಲವೋ ತಿಳಿಯುತ್ತದೆ.

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆ ಇನ್ನೊಂದು ಪಾಠ ಹೇಳುತ್ತದೆ. ಸುಮಾರು 244 ಎಕರೆಯ ಈ ಹಳೆಯ ನೀರಾವರಿ ಕೆರೆಗೆ ಸಾವಿರಾರು ಹಕ್ಕಿಗಳು ಬರುತ್ತವೆ, ಅಂಗಳದ ಜಾಲಿ ಮರಗಳಲ್ಲಿ ಗೂಡು ಕಟ್ಟುತ್ತವೆ. ಇದು ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು. 2024ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು. ಇಂಥ ಮೀಸಲು ಪ್ರದೇಶವನ್ನು ಸ್ಥಳೀಯ ಜನರೊಡನೆ ಸಮಾಲೋಚಿಸಿಯೇ ಘೋಷಿಸಬೇಕು, ಅದರ ನಿರ್ವಹಣಾ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಯ ಪ್ರತಿನಿಧಿ ಇರಬೇಕು ಎಂಬುದು ವನ್ಯಜೀವಿ ಸಂರಕ್ಷಣಾ ಕಾನೂನಿನ ನಿಯಮ. ಊರು ತನಗೆಂದು ಕಟ್ಟಿಕೊಂಡ ಕೆರೆಗೆ ಹೀಗೆ ದೂರದ ದೇಶದ ಹಕ್ಕಿಗಳೂ ಪಾಲುದಾರರಾದವು. ಪಾಲುದಾರರು ಹೆಚ್ಚಿದಷ್ಟೂ ಕಟ್ಟಳೆ ಸ್ಪಷ್ಟವಾಗಿರಬೇಕು. ಇಂಥ ಕೆರೆಯಲ್ಲಿ ಹೂಳು, ಮರ, ಮೀನು ಯಾವುದನ್ನು ಮುಟ್ಟುವುದಿದ್ದರೂ ಅರಣ್ಯ ಇಲಾಖೆಯನ್ನು ಕೇಳಿಯೇ ಮುಂದುವರಿಯಬೇಕು.

ಊರು ಕೈಗೊಳ್ಳಬೇಕಾದ ಕ್ರಮ

1. ಕೆರೆ ಸುತ್ತುವುದು. ಜಲಾನಯನದ ನೆತ್ತಿಯಿಂದ ಅಚ್ಚುಕಟ್ಟಿನ ಕೊನೆಯ ಹೊಲದವರೆಗೆ ಊರಿನವರು ಒಂದು ದಿನ ಒಟ್ಟಿಗೆ ನಡೆಯಬೇಕು. ಕಾಲುವೆ ಎಲ್ಲಿ ಮುಚ್ಚಿದೆ, ಕೋಡಿಯ ಕಲ್ಲು ಎಲ್ಲಿ ಕಿತ್ತಿದೆ, ಅಂಗಳ ಎಲ್ಲಿ ಒತ್ತುವರಿಯಾಗಿದೆ ಎಂದು ಗುರುತು ಮಾಡಿಕೊಳ್ಳಬೇಕು. ಒತ್ತುವರಿ ಇದ್ದಲ್ಲಿ ಮೊದಲು ತಹಶೀಲ್ದಾರರಿಗೆ ಅರ್ಜಿ ಕೊಟ್ಟು ಸರ್ವೆ ಮಾಡಿಸಿ ಕಲ್ಲು ನೆಡಿಸಬೇಕು. 2014ರ ಕೆರೆ ಸಂರಕ್ಷಣಾ ಕಾನೂನು ಒತ್ತುವರಿಯನ್ನು ನಿಷೇಧಿಸಿದೆ. ಆದರೂ ಒತ್ತಿದವನು ನೆರೆಯವನೇ ಆದ್ದರಿಂದ ನೋಟೀಸಿಗೆ ಮೊದಲು ಮಾತು ಆಗಲಿ.

2. ಪಾಲುದಾರರ ಪಟ್ಟಿ. ಅಚ್ಚುಕಟ್ಟಿನ ರೈತರಷ್ಟೇ ಸಾಲದು. ಕೊಳವೆಬಾವಿ ಉಳ್ಳವರು, ಭೂಮಿ ಇಲ್ಲದವರು, ಕುರಿಗಾರರು, ಮೀನುಗಾರರು, ಅಗಸರು, ಕುಂಬಾರರು, ಜಲಾನಯನದ ಮೇಲ್ಭಾಗದ ಊರಿನವರು ಎಲ್ಲರ ಹೆಸರೂ ಬರಬೇಕು. ಮನೆಗೆ ನೀರು ಹೊರುವವರು, ದನಕ್ಕೆ ಕುಡಿಸುವವರು ಹೆಂಗಸರು. ಅವರಿಲ್ಲದ ಸಭೆಯನ್ನು ಊರ ಸಭೆ ಎನ್ನಲಾಗದು.

3. ನೀರಿನ ಅಳತೆ. ತೂಬಿನ ಕಂಬಕ್ಕೆ ಅಡಿ ಅಂಗುಲದ ಗುರುತು ಹಾಕಿಸಬೇಕು. ಶಾಲೆಯ ಅಂಗಳದಲ್ಲಿ ಒಂದು ಮಳೆಮಾಪಕ ಇಟ್ಟು ದಿನವೂ ಬರೆದಿಡಬೇಕು. ಒಂದು ಮಾತು ನೆನಪಿಡಿ: ಅರ್ಧ ಎತ್ತರಕ್ಕೆ ನೀರು ನಿಂತರೆ ಅರ್ಧ ಕೆರೆ ತುಂಬಿತೆಂದಲ್ಲ. ಕೆರೆ ಬೋಗುಣಿಯ ಹಾಗೆ, ತಳದಲ್ಲಿ ಕಿರಿದು, ಮೇಲೆ ಅಗಲ. ಅರ್ಧ ಎತ್ತರದಲ್ಲಿ ಇರುವುದು ಕಾಲು ಪಾಲು ನೀರು, ಕೆಲವು ಕಡೆ ಅದಕ್ಕಿಂತಲೂ ಕಡಿಮೆ. ಇದು ತಿಳಿಯದೆ ಬೆಳೆ ನಿಶ್ಚಯಿಸಿದರೆ ತೆನೆ ಹಾಲುಗಟ್ಟುವ ಹೊತ್ತಿಗೆ ತೂಬು ಒಣಗುತ್ತದೆ.

4. ತುಂಬಿದ ವರ್ಷಕ್ಕೊಂದು, ತುಂಬದ ವರ್ಷಕ್ಕೊಂದು ಕಟ್ಟಳೆ. ಒಂದು ಲೆಕ್ಕ ನೋಡಿ. ನೂರು ಮನೆ, ಮನೆಗೆ ಎರಡು ಎಕರೆಯಂತೆ 200 ಎಕರೆ ಅಚ್ಚುಕಟ್ಟು. ಈ ವರ್ಷ 50 ಎಕರೆ ಭತ್ತಕ್ಕೆ ಆಗುವಷ್ಟು ನೀರು ಇದೆ. ಭತ್ತ ಹಾಕಿದರೆ ತೂಬಿನ ಬಳಿಯ 25 ಮನೆಗಳಿಗೆ ಬೆಳೆ, 75 ಮನೆಗಳಿಗೆ ಇಲ್ಲ. ಒಂದು ಎಕರೆ ಭತ್ತದ ನೀರಿನಲ್ಲಿ ಎರಡರಿಂದ ಮೂರು ಎಕರೆ ಶೇಂಗಾ, ಜೋಳದಂಥ ಬೆಳೆ ಬರುತ್ತದೆ. ಆ ಬೆಳೆ ಹಾಕಿದರೆ ಕಡಿಮೆಯೆಂದರೂ 100 ಎಕರೆ. ಪ್ರತಿ ಮನೆಗೂ ಒಂದು ಎಕರೆ. ಈ ತೀರ್ಮಾನ ಬಿತ್ತನೆಗೆ ಮುಂಚೆ, ಸಭೆಯಲ್ಲಿ ಆಗಬೇಕು. ಬೇಸಿಗೆಯ ದನಕರುಗಳಿಗೆ ಇಷ್ಟು ಅಡಿ ನೀರು ಎಂದು ಮೊದಲೇ ತೆಗೆದಿಟ್ಟು ಉಳಿದದ್ದನ್ನು ಹಂಚಬೇಕು. ತೂಬು ಮುಚ್ಚಿ ಇಂಗಿಸುವುದೇ ಮೇಲೆಂದು ಊರು ನಿರ್ಧರಿಸಿದರೆ, ಕೊಳವೆಬಾವಿ ಉಳ್ಳವರು ಬೆಳೆಯ ಮೇಲೆ ಇಂತಿಷ್ಟು ಎಂದು ಸಂಘದ ನಿಧಿಗೆ ಕೊಡಬೇಕು, ಇಲ್ಲವೇ ನೆರೆಯ ಸಣ್ಣ ರೈತನಿಗೆ ಒಂದೆರಡು ಸಲವಾದರೂ ನೀರು ಬಿಡಬೇಕು.

5. ಹೂಳಿನ ಹಂಚಿಕೆ. ಒಂದು ಎಕರೆ ಅಂಗಳದಲ್ಲಿ ಒಂದಡಿ ಹೂಳು ತೆಗೆದರೆ ಸುಮಾರು 12 ಲಕ್ಷ ಲೀಟರು ನೀರಿಗೆ ಜಾಗವಾಗುತ್ತದೆ. ಆ ಹೂಳು ಮಸಾರಿ ಹೊಲಕ್ಕೆ ಒಳ್ಳೆಯದು; ತೇವ ಹಿಡಿಯುವ ಶಕ್ತಿ ಕೊಡುತ್ತದೆ. ಎರೆ ಹೊಲಕ್ಕೆ ಅಷ್ಟು ಪ್ರಯೋಜನವಿಲ್ಲ. ಹೊಲಕ್ಕೆ ಹಾಕುವ ಮೊದಲು ಮಣ್ಣು ಪರೀಕ್ಷೆ ಮಾಡಿಸಿ, ಚೌಳಿನ ಅಂಶವಿದ್ದರೆ ಕೈಬಿಡಬೇಕು. ಒಂದು ಎಕರೆಗೆ ಒಂದಂಗುಲ ದಪ್ಪ ಹರಡಲು ನೂರು ಘನ ಅಡಿ ಹಿಡಿಯುವ ಟ್ರೈಲರಿನಲ್ಲಿ ಸುಮಾರು 36 ಲೋಡು ಬೇಕು. ಬಾಡಿಗೆ ಕೊಡಲಾರದ ಸಣ್ಣ ರೈತನ ಹೊಲಕ್ಕೆ ಮೊದಲ ಸರದಿ ಇರಲಿ. ಏರಿಯ ಬುಡವನ್ನು ಅಗೆಯಬಾರದು. ಎಂಜಿನಿಯರು ಗುರುತು ಹಾಕಿದ ಜಾಗದಲ್ಲಿ, ಗುರುತು ಹಾಕಿದ ಆಳಕ್ಕೆ ಮಾತ್ರ ಅಗೆಯಬೇಕು. ತೂಬಿನ ಹೊಸ್ತಿಲಿಗಿಂತ ಕೆಳಗೆ ತೋಡಿದ ಗುಂಡಿಯ ನೀರು ಕಾಲುವೆಗೆ ಹರಿಯುವುದಿಲ್ಲ. ದನಕ್ಕೂ ಮೀನಿಗೂ ಇಂಗಲಿಕ್ಕೂ ಮಾತ್ರ ಬರುತ್ತದೆ. ಇಟ್ಟಿಗೆ ಭಟ್ಟಿಗೆ ಮಣ್ಣು ಸಾಗಿಸಲು ಬಿಡಬಾರದು.

6. ಗೋಮಾಳ ಮತ್ತು ಗುಡ್ಡ. ಮೇಲಿನಿಂದ ಮಣ್ಣು ಬರುವುದು ನಿಲ್ಲದಿದ್ದರೆ ಎಷ್ಟು ಸಲ ಹೂಳೆತ್ತಿದರೂ ಅಷ್ಟೇ. ಗೋಮಾಳವನ್ನು ಮೂರು ಭಾಗ ಮಾಡಿ ಮಳೆಗಾಲದಲ್ಲಿ ಸರದಿಯ ಮೇಲೆ ಒಂದೊಂದು ಭಾಗಕ್ಕೆ ಬಿಡುವು ಕೊಟ್ಟರೆ ಹುಲ್ಲು ಬೀಜ ಕಟ್ಟಿ ನೆಲ ಹಿಡಿಯುತ್ತದೆ. ಇದನ್ನು ಕುರಿಗಾರರೊಡನೆ ಕುಳಿತು ನಿಶ್ಚಯಿಸಬೇಕು, ಅವರ ಮೇಲೆ ಹೇರಬಾರದು. ಅಂಗಳದ ಬಳ್ಳಾರಿ ಜಾಲಿಯನ್ನು ಬುಡಸಹಿತ ತೆಗೆದು, ಅದರ ಸೌದೆಯ ಹಣವನ್ನು ಸಂಘಕ್ಕೆ ಜಮಾ ಮಾಡಬಹುದು.

7. ದಂಡ ಮತ್ತು ಲೆಕ್ಕ. ಮೊದಲ ತಪ್ಪಿಗೆ ಎಚ್ಚರಿಕೆ, ಎರಡನೆಯದಕ್ಕೆ ದಂಡ, ಮೂರನೆಯದಕ್ಕೆ ಒಂದು ಸರದಿ ನೀರು ಬಂದ್. ದೊಡ್ಡವನಿಗೂ ಚಿಕ್ಕವನಿಗೂ ಒಂದೇ ದಂಡ. ವಂತಿಗೆ, ಮೀನಿನ ಹರಾಜಿನಲ್ಲಿ ಸಂಘಕ್ಕೆ ಬಂದ ಪಾಲು, ಸೌದೆಯ ಹಣ, ನೀರುಗಂಟಿಯ ಸಂಬಳ ಎಲ್ಲವನ್ನೂ ವರ್ಷಕ್ಕೆ ಎರಡು ಸಲ ಪಂಚಾಯಿತಿಯ ಗೋಡೆಗೆ ಬರೆಸಬೇಕು. ಸಂಘಗಳು ಸಾಮಾನ್ಯವಾಗಿ ಮುರಿಯುವುದು ನೀರಿನ ಜಗಳದಿಂದಲ್ಲ, ಲೆಕ್ಕದ ಗುಮಾನಿಯಿಂದ.

ವಿಸ್ತರಣಾ ಕಾರ್ಯಕರ್ತರಿಗೆ

ಕಾರ್ಯಕರ್ತರು ಊರಿಗೆ ಹೋದಾಗ ಎದುರಿಗೆ ಬಂದು ಕುರ್ಚಿ ಹಾಕುವವರ ಮಾತನ್ನೇ ಊರಿನ ಮಾತೆಂದು ಬರೆದುಕೊಳ್ಳಬಾರದು. ಅಚ್ಚುಕಟ್ಟಿನ ಕೊನೆಯ ಹೊಲಕ್ಕೆ ಹೋಗಬೇಕು, ಕೇರಿಗೆ ಹೋಗಬೇಕು, ಸಂಜೆ ಕುರಿ ಹಟ್ಟಿಗೆ ಹೋಗಬೇಕು. ಕಾಮಗಾರಿಯ ಅಂದಾಜು ಪಟ್ಟಿಗಿಂತ ಮೊದಲು ಕಟ್ಟಳೆಯ ಪುಸ್ತಕ ತಯಾರಾಗಲಿ. ಅದಕ್ಕೆ ಆರು ತಿಂಗಳು ಹಿಡಿದರೂ ಆ ಕಾಲ ವ್ಯರ್ಥವಲ್ಲ.

ಮುಂದೆ ಬರುವ ನೀರು

ಕೂಡ್ಲಿಗಿ ಭಾಗದ 74 ಕೆರೆಗಳಿಗೆ ತುಂಗಭದ್ರೆಯ ನೀರು ತುಂಬಿಸುವ ಯೋಜನೆ ಜನರ ಬಹುಕಾಲದ ಬೇಡಿಕೆಯ ಫಲ. ಹರಪನಹಳ್ಳಿ ಭಾಗದ ಕೆರೆಗಳಿಗೂ ಇಂಥ ಯೋಜನೆ ಇದೆ. ಇದರಿಂದ ಕಟ್ಟಳೆಯ ಅಗತ್ಯ ಕಡಿಮೆಯಾಯಿತೆಂದು ತಿಳಿಯಬಾರದು, ಹೆಚ್ಚಾಯಿತು. ಮಳೆಯ ನೀರು ತಾನಾಗಿ ಬರುತ್ತದೆ. ಕೊಳವೆಯ ನೀರಿಗೆ ಪಂಪು, ವಿದ್ಯುತ್ತು, ದುರಸ್ತಿ, ಮೇಲಿನ ಕೆರೆ ತುಂಬಿ ಕೆಳಗಿನದಕ್ಕೆ ಬಿಡುವ ಸರದಿ ಎಲ್ಲವೂ ಬೇಕು. ಹಿಂದೆ ಒಂದು ಊರಿನೊಳಗೆ ಇದ್ದ ಹಂಚಿಕೆ ಇನ್ನು ಊರು ಊರುಗಳ ನಡುವೆ ನಡೆಯಬೇಕು. ನೀರು ಬರುತ್ತಿದ್ದಂತೆ ಎಲ್ಲರೂ ಹೊಸ ಕೊಳವೆಬಾವಿ ಕೊರೆದು ಅಡಿಕೆ, ಕಬ್ಬಿನ ಕಡೆಗೆ ತಿರುಗಿದರೆ, ನದಿಯಲ್ಲಿ ನೀರಿಲ್ಲದ ವರ್ಷ ಮೊದಲಿನ ಬರವೇ ದುಪ್ಪಟ್ಟಾಗಿ ಹಿಂದಿರುಗುತ್ತದೆ.

ಬಾಂಧವರೇ, ಹೂಳೆತ್ತುವ ಯಂತ್ರವನ್ನು ಸರ್ಕಾರ ಕಳಿಸಬಹುದು, ದಾನಿಗಳು ಕಳಿಸಬಹುದು. ಊರಿನ ಒಪ್ಪಂದವನ್ನು ಹೊರಗಿನಿಂದ ಯಾರೂ ಕಳಿಸಲಾರರು. ಈ ಬೇಸಿಗೆಯಲ್ಲಿ ಕೆರೆಯ ಅಂಗಳ ಬಿರುಕು ಬಿಟ್ಟಿರುವಾಗಲೇ, ಮುಂಗಾರಿಗೆ ಮೊದಲು, ಡಂಗುರ ಸಾರಿಸಿ ಏರಿಯ ಮೇಲೆ ಒಂದು ಸಭೆ ಕೂಡಿಸಿರಿ. ಕೊನೆಯ ಹೊಲದವನನ್ನೂ, ಹೊಲವೇ ಇಲ್ಲದವನನ್ನೂ ಮುಂದಿನ ಸಾಲಿಗೆ ಕರೆಯಿರಿ. ಅವರಿಗೆ ಎಷ್ಟು ಪಾಲು ಎಂಬ ಮಾತಿನಿಂದಲೇ ಸಭೆ ಆರಂಭವಾಗಲಿ.